ಮೂರನೇ ಮಹಡಿಯ ಮೂಗಿ

ಮೂರು ಬೆರಳು ತೋರಿಸಿದ್ದೇ ತಪ್ಪಾಯಿತು. ಎರಡು ಶಬ್ದ ಸಾಕಿತ್ತು. ಆ ಎರಡು ಶಬ್ದಗಳನ್ನು ಅವಳು ಹದಿನೆಂಟು ವರ್ಷಗಳಿಂದ ಸಂಬಳ ತೆಗೆದುಕೊಂಡು ಬೇರೆಯವರಿಗೆ ಕಲಿಸುತ್ತಿದ್ದಳು.

ಬಾಯಲ್ಲಿ ಬ್ರಶ್ ಇಟ್ಟುಕೊಂಡು ಕನ್ನಡಿಯ ಮುಂದೆ ಇದನ್ನೇ ಮೆಲುಕು ಹಾಕುತ್ತಿದ್ದಾಗ ಕರೆಗಂಟೆ ಹೊಡೆದುಕೊಂಡಿತು. ಗಂಡ ಬಾಗಿಲು ತೆಗೆದ. ಹೊರಗೆ ಹೆಣ್ಣುದನಿ, ನಗು. ಆಮೇಲೆ ಗಂಡನ ದನಿ ಕೇಳಿಸಿತು. ಅದು ಗಿರಾಕಿಗಳಿಗೆ ನೀರಿನ ಪಂಪು ಮಾರುವಾಗ ಅವನು ಬಳಸುವ ದನಿ.

"ಅವಳಿಗೇನು, ರಷ್ಯನ್ ಅಂದ್ರೆ ನೀರು ಕುಡಿದ ಹಾಗೆ."

ಅವಳು ಬಾಯಿ ಮುಕ್ಕಳಿಸುವುದನ್ನು ನಿಲ್ಲಿಸಿದಳು.

ಬಾಗಿಲಲ್ಲಿ ನಿಂತಿದ್ದವಳು ಐದನೇ ಮಹಡಿಯ ಈಜು ಟೀಚರ್. ಹುಟ್ಟಿದ್ದು ರಷ್ಯಾದಲ್ಲಿ. ಇಲ್ಲಿಯವನನ್ನು ಮದುವೆಯಾಗಿ ಬಂದು, ಕ್ಲಬ್ಬಿನ ಕೊಳದಲ್ಲಿ ಮಕ್ಕಳನ್ನು ನೀರಿಗೆ ನೂಕಿ ಈಜು ಕಲಿಸುತ್ತಾಳೆ. ಮಾತನ್ನೂ ಅವಳು ಕಲಿತದ್ದು ಹಾಗೆಯೇ, ಯಾರೋ ನೂಕಿದ ಹಾಗೆ. ಅವಳ ಕನ್ನಡದಲ್ಲಿ ಗಂಡು-ಹೆಣ್ಣು, ಒಂದು-ಹಲವು ಎಂಬ ಭೇದವಿರಲಿಲ್ಲ. ಕ್ರಿಯಾಪದಗಳಿಗೆಲ್ಲ ಒಂದೇ ಅಂಗಿ ತೊಡಿಸಿ ಬೀದಿಗೆ ಬಿಟ್ಟುಬಿಡುತ್ತಿದ್ದಳು. ಆದರೂ ತರಕಾರಿಯವನಿಂದ ಹಿಡಿದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯವರೆಗೆ ಅವಳ ಮಾತು ಅರ್ಥವಾಗದವರು ಯಾರೂ ಇರಲಿಲ್ಲ.

"ಅಕ್ಕಾ, ನೀವು ರಷ್ಯನ್ ಟೀಚರ್ ಅಂತ ನನಗೆ ಯಾರೂ ಹೇಳಲಿಲ್ಲ. ಇವತ್ತು ಕಾರ್ ಹತ್ತಿರ ನಿಮ್ಮ ಯಜಮಾನ್ರು ಹೇಳ್ತು."

ಯಜಮಾನರು ಹೆಮ್ಮೆಯಿಂದ ನಿಂತಿದ್ದರು.

ಅವಳ ತಾಯಿ ಬಂದು ಐದು ತಿಂಗಳಾಗಿತ್ತಂತೆ. ಮಗಳನ್ನು ಬಿಟ್ಟರೆ ಮಾತಾಡುವವರು ಯಾರೂ ಇಲ್ಲ. ಅಳಿಯ ವಾರವೆಲ್ಲ ಊರೂರು ಸುತ್ತುವ ಕೆಲಸದವನು. ಮುಂದಿನ ವಾರ ಮುದುಕಿ ತನ್ನ ಊರಿಗೆ ವಾಪಸು ಹೊರಟಿದ್ದಾಳೆ, ಅಲ್ಲಿ ಒಬ್ಬಳೇ ಇರುತ್ತಾಳೆ. ಹೋಗುವ ಮುಂಚೆ ಒಂದು ಗಂಟೆ ಬಂದು ಅವಳ ಜೊತೆ ಕೂತು ಮಾತಾಡಿದರೆ ಸಾಕು. ಇಷ್ಟು ಹೇಳಿ ಈಜು ಟೀಚರ್ ದನಿ ತಗ್ಗಿಸಿದಳು.

"ಇನ್ನೊಂದು ಕೆಲಸ ಇದೆ. ಮೊನ್ನೆ ಅಮ್ಮ ಚಹಾ ಕಪ್ಪಿಗೆ ಹಾಕಲಿಲ್ಲ, ಪಕ್ಕಕ್ಕೆ ಹಾಕ್ತು. ಕಣ್ಣಿಗೆ ಏನಾಯ್ತು ಅಂದ್ರೆ ನಗ್ತದೆ. ಡಾಕ್ಟರ್ ಹತ್ತಿರ ಬರಲ್ಲ. ಮಗಳಿಗೆ ಸುಳ್ಳು ಹೇಳ್ತದೆ. ನಿಮಗೆ ನಿಜ ಹೇಳಬಹುದು. ಹೇಳಿದ್ರೆ ನಾನು ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ."

ಉತ್ತರ ಕೊಡಬೇಕಿತ್ತು. ಅವಳು ಉತ್ತರವನ್ನು ಹುಡುಕುತ್ತಿದ್ದಳು. ಉತ್ತರ ಹುಡುಕುವಾಗ ಅವಳ ಮುಖ ಎಂಥದಾಗುತ್ತದೆಂದು ಅವಳಿಗೆ ಗೊತ್ತಿತ್ತು: ರೈಲು ತಪ್ಪಿಸಿಕೊಂಡವರ ಮುಖ.

"ಬರ್ತಾಳೆ, ಬರ್ತಾಳೆ. ಸಂಜೆ ಬರ್ತಾಳೆ," ಎಂದ ಗಂಡ.

*

ಲಿಫ್ಟಿನ ವಿಷಯ ಗಂಡನಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಅವನು ನಗುತ್ತಿದ್ದ. ಆಮೇಲೆ ಪಾರ್ಕಿಂಗಿನಲ್ಲಿ ಅದನ್ನೂ ಹೇಳಿಕೊಳ್ಳುತ್ತಿದ್ದ.

ಅವರ ಕಟ್ಟಡದ ಲಿಫ್ಟು ಹಳೆಯದು. ಮೇಲೇರುವಾಗ ಕೆಮ್ಮುತ್ತದೆ. ಕೆಲವು ತಿಂಗಳ ಹಿಂದೆ ಒಂದು ದಿನ ಒಳಗೆ ಮುದುಕಿಯೊಬ್ಬಳೇ ನಿಂತಿದ್ದಳು. ತಲೆಗೆ ಹೂವಿನ ಚಿತ್ತಾರದ ವಸ್ತ್ರ, ಕಾಲಿಗೆ ಉಣ್ಣೆಯ ಕಾಲುಚೀಲ. ಇವಳನ್ನು ನೋಡಿದ್ದೇ, ಎಷ್ಟನೇ ಮಹಡಿಗೆ ಹೋಗಬೇಕು ಮಗಳೇ, ಎಂದು ರಷ್ಯನ್‌ನಲ್ಲಿ ಕೇಳಿದಳು. ಪಾಠದ ಧ್ವನಿಮುದ್ರಿಕೆಯಲ್ಲಿ ಅಲ್ಲ, ಜೀವವಿರುವ ಒಂದು ಬಾಯಿಂದ, ಬೆಳ್ಳುಳ್ಳಿಯ ವಾಸನೆಯೊಂದಿಗೆ ಆ ಭಾಷೆ ಬಂದಿತ್ತು.

ಮೂರನೆಯದಕ್ಕೆ ಎಂದರೆ ಮುಗಿದಿತ್ತು, ರಷ್ಯನ್‌ನಲ್ಲಿ ಎರಡೇ ಶಬ್ದ. ಆದರೆ ಅಷ್ಟೇ ಹೇಳಿದರೆ ಒರಟಾದೀತೆ? ನಾನು ಮೂರರಲ್ಲಿ ಇಳಿಯುತ್ತೇನೆ ಎನ್ನಬೇಕೆ? ಇಳಿಯುತ್ತೇನೆ ಎಂಬುದಕ್ಕೆ ಆ ಭಾಷೆಯಲ್ಲಿ ಎರಡು ಕ್ರಿಯಾಪದ. ರೂಢಿಯಾಗಿ ಇಳಿಯುವುದು ಒಂದು, ಈ ಸಲ ಇಳಿದು ಮುಗಿಸುವುದು ಇನ್ನೊಂದು. ಅವಳು ರೂಢಿಯಾಗಿಯೂ ಇಳಿಯುವವಳು, ಈ ಸಲವೂ ಇಳಿಯುವವಳು. ಅಷ್ಟರಲ್ಲಿ ಲಿಫ್ಟು ನಿಂತಿತು. ಅವಳು ಮೂರು ಬೆರಳು ತೋರಿಸಿ ಹೊರಗೆ ಹಾರಿದಳು.

ಮಾರನೆಯ ದಿನ ಮುದುಕಿ ಅವಳನ್ನು ಕರುಣೆಯಿಂದ ನೋಡಿ, ತನ್ನ ಕಿವಿ ಮುಟ್ಟಿಕೊಂಡು, ತುಟಿ ಮುಟ್ಟಿಕೊಂಡು, ಹುಬ್ಬೇರಿಸಿದಳು. ಕೇಳಿಸಲ್ವಾ? ಮಾತು ಬರಲ್ವಾ?

ಅವಳು ಹೌದೆಂದು ತಲೆಯಾಡಿಸಿದಳು.

ಇದನ್ನು ಆಮೇಲೆ ಎಷ್ಟೋ ಸಲ ಬಗೆಬಗೆಯಾಗಿ ವಿವರಿಸಿಕೊಳ್ಳಲು ನೋಡಿದ್ದಳು. ದಣಿವಾಗಿತ್ತು, ಕೈಯಲ್ಲಿ ಚೀಲವಿತ್ತು, ಗಾಬರಿಯಾಗಿತ್ತು. ಯಾವುದೂ ಹೊಂದಲಿಲ್ಲ. ತಲೆಯಾಡಿಸಿದಾಗ ಅವಳಿಗೆ ಆದದ್ದು ಸುಖ. ಪರೀಕ್ಷೆಯ ದಿನ ಜ್ವರ ಬಂದ ಹುಡುಗಿಯ ಸುಖ.

ಕೆಲವು ದಿನ ಮೆಟ್ಟಿಲು ಹತ್ತಿದಳು. ಮೊಣಕಾಲು ತಕರಾರು ತೆಗೆಯಿತು. ಮತ್ತೆ ಲಿಫ್ಟಿಗೆ ಬಂದಳು. ಆಮೇಲಾಮೇಲೆ ಕೆಲಸದಿಂದ ಬರುವ ಹೊತ್ತನ್ನು ಮುದುಕಿ ಕೆಳಗಿನ ಬೆಂಚಿನಿಂದ ಏಳುವ ಹೊತ್ತಿಗೆ ಹೊಂದಿಸಿಕೊಳ್ಳತೊಡಗಿದಳು.

ಕಿವುಡಿಯ ಮುಂದೆ ಮುದುಕಿ ಬೆಕ್ಕಿನ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಿದ್ದಳು. ಮೂರನೇ ಮಹಡಿ ಬಂದರೂ ಬಿಡುತ್ತಿರಲಿಲ್ಲ. ಮುಚ್ಚಲು ಬರುವ ಬಾಗಿಲಿನ ಅಂಚಿಗೆ ಅಂಗೈ ಇಟ್ಟು ನಿಲ್ಲಿಸಿಕೊಂಡು ಹೇಳುತ್ತಲೇ ಇರುತ್ತಿದ್ದಳು. ಬಾಗಿಲು ಅಂಗೈಗೆ ತಾಗಿ ಹಿಂದೆ ಸರಿಯುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತಿತ್ತು. ಅಳಿಯ ಒಳ್ಳೆಯವನು, ಆದರೆ ಊಟ ಮಾಡುವಾಗ ಫೋನು ನೋಡುತ್ತಾನೆ. ಮಗಳ ಕೈ ಯಾವಾಗಲೂ ತಣ್ಣಗಿರುತ್ತದೆ, ನೀರಿನಲ್ಲೇ ಇದ್ದೂ ಇದ್ದೂ. ಈ ಊರಿನ ಕಾಗೆಗಳು ತನ್ನ ಊರಿನ ಕಾಗೆಗಳಿಗಿಂತ ಸಣ್ಣವು.

ಒಂದು ಸಂಜೆ, ಕಾಗೆಗಳ ಬಗ್ಗೆ ಹೇಳಿದ ಅದೇ ದನಿಯಲ್ಲಿ, ಮುದುಕಿ ಹೇಳಿದಳು:

"ನೋಡು ಮಗು, ನನ್ನ ಎಡಗಣ್ಣು ಕುರುಡಾಯಿತು. ಬಲಗಣ್ಣು ಕುರುಡಾಗುತ್ತಿದೆ. ನನ್ನ ಹುಡುಗಿಗೆ ಹೇಳಿಲ್ಲ. ಹೇಳಿದರೆ ಹೋಗಲು ಬಿಡುವುದಿಲ್ಲ. ನನ್ನ ಕೋಣೆಯಲ್ಲಾದರೆ ಕತ್ತಲಲ್ಲೂ ಎಲ್ಲಾ ಕೈಗೆ ಸಿಗುತ್ತೆ. ಕೆಟಲ್ಲು, ಬೆಂಕಿಪೊಟ್ಟಣ, ಕಿಟಕಿಯ ಚಿಲಕ. ಇಲ್ಲಿ ಯಾವುದೂ ಇದ್ದಲ್ಲಿ ಇರುವುದಿಲ್ಲ."

ಆ ಹೊತ್ತಿನಲ್ಲಿ ಅವಳಿಗೆ ಹೊಳೆದದ್ದೇನು? ಕಣ್ಣೀರು ಬರಲಿಲ್ಲ, ಮಗಳಿಗೆ ಹೇಳಬೇಕೆಂದೂ ಅನ್ನಿಸಲಿಲ್ಲ. ಎಡಗಣ್ಣಿಗೆ ಮುದುಕಿ ಮುಗಿದ ಕ್ರಿಯೆಯ ರೂಪ ಬಳಸಿದ್ದಳು, ಬಲಗಣ್ಣಿಗೆ ನಡೆಯುತ್ತಿರುವ ಕ್ರಿಯೆಯದು. ಒಂದೇ ಉಸಿರಿನಲ್ಲಿ ಎರಡೂ. ಯಾವ ಪಠ್ಯಪುಸ್ತಕದಲ್ಲೂ ಇಂಥ ಅಚ್ಚುಕಟ್ಟಾದ ಜೋಡಿ ಇರಲಿಲ್ಲ.

*

ಭಾಷಾ ಸಂಸ್ಥೆಯ ರಷ್ಯನ್ ತರಗತಿ ನಡೆಯುವುದು ಝೆರಾಕ್ಸ್ ಯಂತ್ರದ ಪಕ್ಕದ ಕೋಣೆಯಲ್ಲಿ. ಈ ವರ್ಷ ಮೂವರಿದ್ದರು. ವೈದ್ಯಕೀಯ ಓದಲು ರಷ್ಯಾಕ್ಕೆ ಹೊರಟ ಹುಡುಗಿ. ಚದುರಂಗದ ಹುಚ್ಚಿನ ನಿವೃತ್ತ ಬ್ಯಾಂಕ್ ಮ್ಯಾನೇಜರು. ಯಾಕೆ ಬರುತ್ತೇನೆಂದು ಇದುವರೆಗೂ ಹೇಳದ, ಸದಾ ಜಾಕೆಟ್ಟು ತೊಟ್ಟಿರುವ ಒಬ್ಬ.

ಬೋರ್ಡಿನ ಮುಂದೆ ನಿಂತರೆ ಅವಳೇ ಬೇರೆ. ಗಂಟಲು ತೆರೆದುಕೊಳ್ಳುತ್ತಿತ್ತು. ಇವತ್ತೂ ತೆರೆದುಕೊಂಡಿತು. ರಷ್ಯನ್ ಭಾಷೆಯಲ್ಲಿ ಹೆಚ್ಚಿನ ಕ್ರಿಯಾಪದಗಳು ಜೋಡಿಯಾಗಿ ಬರುತ್ತವೆ, ಎಂದಳು. ಚಿತಾತ್, ಪ್ರಚಿತಾತ್. ಎರಡಕ್ಕೂ ಓದುವುದು ಎಂದೇ ಅರ್ಥ. ಮೊದಲನೆಯದರಲ್ಲಿ ನೀವು ಓದಿನ ಒಳಗೆ ಕೂತಿದ್ದೀರಿ; ಪುಟಗಳು ಮಗುಚುತ್ತಿವೆ, ಮುಗಿಯುತ್ತದೋ ಇಲ್ಲವೋ ಯಾರಿಗೂ ಬೇಕಿಲ್ಲ. ಎರಡನೆಯದರಲ್ಲಿ ನೀವು ಹೊರಗೆ ಬಂದು ನಿಂತಿದ್ದೀರಿ, ಪುಸ್ತಕ ಮುಚ್ಚಿದೆ.

"ಅಂದ್ರೆ ಓದ್ತಾ ಇದ್ದೆ, ಓದಿಬಿಟ್ಟೆ. ಅಷ್ಟೇ ತಾನೇ," ಎಂದರು ಮ್ಯಾನೇಜರು. ಪ್ರತಿ ವಾರವೂ ಅವರು ಇದನ್ನು ಹೊಸದಾಗಿ ಕಂಡುಹಿಡಿಯುತ್ತಿದ್ದರು.

ಹತ್ತಿರ ಬಂತು ಸರ್, ಆದರೆ ಪೂರ್ತಿ ಅದೇ ಅಲ್ಲ, ಎಂದಳು. 'ಬಿಟ್ಟೆ'ಯಲ್ಲಿ ನಮ್ಮ ಒಂದು ನಿಟ್ಟುಸಿರು ಇರುತ್ತದೆ, ಅಲ್ಲಿ ನಿಟ್ಟುಸಿರಿಲ್ಲ. ಇನ್ನೊಂದು ಮಾತು, ಮುಗಿದ ಕ್ರಿಯೆಗೆ ವರ್ತಮಾನಕಾಲ ಇರುವುದಿಲ್ಲ. ಅದು ಆಗಿಹೋಗಿರಬೇಕು, ಇಲ್ಲವೇ ಮುಂದೆ ಆಗಬೇಕು. ಈಗ, ಈ ಗಳಿಗೆಯಲ್ಲಿ, ಅದಕ್ಕೆ ಜಾಗವಿಲ್ಲ.

ಎಷ್ಟು ಚೆನ್ನಾಗಿ ಹೇಳಿದೆ ಎಂದು ಅವಳಿಗೇ ಅನ್ನಿಸಿತು. ಆ ಉಬ್ಬಿನಲ್ಲಿ ಬೋರ್ಡಿಗೆ ತಿರುಗಿ ಇನ್ನೊಂದು ಜೋಡಿಯನ್ನು ಬರೆದಳು. ಎಡಗಣ್ಣು ಅಸ್ಲೇಪ್. ಬಲಗಣ್ಣು ಸ್ಲೇಪ್ನೆತ್. ಕುರುಡಾಯಿತು, ಕುರುಡಾಗುತ್ತಿದೆ.

ಜಾಕೆಟ್ಟಿನವನು ಕೂಡ ಬರೆದುಕೊಂಡ.

"ಒಳ್ಳೆ ಉದಾಹರಣೆ ಮೇಡಂ. ಯಾವ ಪುಸ್ತಕದ್ದು?" ಎಂದರು ಮ್ಯಾನೇಜರು.

ಪುಸ್ತಕದ್ದಲ್ಲ, ಹೀಗೇ ಬಳಕೆಯಲ್ಲಿರುವುದು, ಎಂದಳು. ಬಳಕೆ ಎಂಬ ಮಾತು ನಾಲಗೆಗೆ ಕಹಿಯಾಯಿತು.

ವೈದ್ಯಕೀಯದ ಹುಡುಗಿ ಪೆನ್ನು ಕಚ್ಚುತ್ತಾ ಬೋರ್ಡನ್ನೇ ನೋಡುತ್ತಿದ್ದಳು. "ಮೇಡಂ, ಬಲಗಣ್ಣು ಇನ್ನೂ ಪೂರ್ತಿ ಹೋಗಿಲ್ಲ ಅಲ್ವಾ? ಬೇಗ ತೋರಿಸಿದ್ರೆ ಉಳೀಬಹುದು."

"ಅದೊಂದು ವಾಕ್ಯ ಅಷ್ಟೇ ಕಣಮ್ಮ."

"ಗೊತ್ತು ಮೇಡಂ. ಸುಮ್ನೆ ಕೇಳಿದೆ."

ಅವಳು ಡಸ್ಟರ್ ತೆಗೆದುಕೊಂಡು ಎರಡು ಕಣ್ಣುಗಳನ್ನೂ ಒರೆಸಿದಳು. ಪಕ್ಕದ ಕೋಣೆಯಲ್ಲಿ ಝೆರಾಕ್ಸ್ ಯಂತ್ರ ಒಂದೇ ಹಾಳೆಯನ್ನು ಮತ್ತೆ ಮತ್ತೆ ಉಗುಳುತ್ತಿತ್ತು.

*

ಮನೆಗೆ ಬಂದವಳೇ ಸೀರೆ ಬದಲಾಯಿಸಿದಳು. ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟಳು. ಅದರ ಸದ್ದಿನಿಂದಲೇ ಮುದುಕಿ ಲಿಫ್ಟಿನಲ್ಲಿ ಅವಳನ್ನು ಗುರುತಿಸುತ್ತಿದ್ದಳು. ವಾಸನೆಯಿಂದ ಗೊತ್ತಾದೀತೆಂದು ಕೈಗೆ ಹಚ್ಚುವ ಕ್ರೀಮನ್ನೂ ಹಚ್ಚಲಿಲ್ಲ. ಕಳ್ಳತನಕ್ಕೆ ಹೊರಟವಳು ಕೂಡ ಇಷ್ಟು ತಯಾರಿ ಮಾಡಿಕೊಳ್ಳಲಿಕ್ಕಿಲ್ಲ. ಗಂಡ ಪತ್ರಿಕೆಯ ಕೊನೆಯ ಪುಟದಿಂದ ತಲೆಯೆತ್ತಿದ.

"ಏನು, ಮದುವೆ ಮನೆಗೆ ಹೊರಟಿದ್ದೀಯಾ?"

"ರೀ, ನೀವು ಯಾಕೆ ಅವಳ ಹತ್ತಿರ ಹೇಳಿದ್ರಿ?"

"ಹೇಳೋಕೆ ಇನ್ನೇನಿದೆ ನನ್ನ ಹತ್ತಿರ?" ಎಂದು ಅವನು ಪುಟ ಮಗುಚಿದ.

ಅದು ಜಂಬವೋ ದೂರೋ ತಿಳಿಯಲಿಲ್ಲ.

ಮೆಟ್ಟಿಲು ಹತ್ತುತ್ತಾ ಲೆಕ್ಕ ಹಾಕಿದಳು. ಮುದುಕಿಗೆ ಮುಖ ಸರಿಯಾಗಿ ಕಾಣುವುದಿಲ್ಲ. ದನಿಯನ್ನಂತೂ ಅವಳು ಕೇಳಿಯೇ ಇಲ್ಲ. ಅಂದರೆ ಬಾಯಿ ಬಿಟ್ಟರೆ ಸಿಕ್ಕಿಬೀಳುವುದಿಲ್ಲ. ಬಾಯಿ ಬಿಟ್ಟರೇ ಕ್ಷೇಮ. ಜೀವನದಲ್ಲಿ ಮೊದಲ ಸಲ ಅವಳಿಗೆ ಮಾತಾಡುವುದು ಅಡಗಿಕೊಳ್ಳುವ ಜಾಗವಾಗಿ ಕಂಡಿತು.

ಐದನೇ ಮಹಡಿಯ ಮನೆಯಲ್ಲಿ ಒದ್ದೆ ಟವೆಲ್ಲುಗಳ ವಾಸನೆಯಿತ್ತು. ಮುದುಕಿ ಕಿಟಕಿಯ ಪಕ್ಕ ಬೆಳಕಿಗೆ ಮುಖ ಮಾಡಿ ಕೂತಿದ್ದಳು. ತಲೆವಸ್ತ್ರವಿಲ್ಲದ ಅವಳ ಕೂದಲು ಇಷ್ಟು ತೆಳ್ಳಗಿದೆಯೆಂದು ಲಿಫ್ಟಿನಲ್ಲಿ ಗೊತ್ತಾಗಿರಲಿಲ್ಲ.

ಅವಳು ಬಾಯಿ ತೆರೆದಳು. ಮಾತು ಬಂತು. ಸಾಲುಗಟ್ಟಿ, ಇಸ್ತ್ರಿ ಮಾಡಿಕೊಂಡು ಬಂತು. ನಮಸ್ಕಾರ, ನಿಮ್ಮನ್ನು ಕಂಡು ಬಹಳ ಸಂತೋಷವಾಯಿತು, ನಮ್ಮ ಊರಿನ ಹವೆ ನಿಮಗೆ ಒಗ್ಗಿದೆಯೇ. ಒಂದು ಕ್ರಿಯಾಪದವೂ ಮುಗ್ಗರಿಸಲಿಲ್ಲ.

ಮುದುಕಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ಮಡಿಲಿನಲ್ಲಿ ಕೈ ಜೋಡಿಸಿಕೊಂಡಳು.

"ನೀವು ತುಂಬಾ ಶುದ್ಧವಾಗಿ ಮಾತಾಡುತ್ತೀರಿ," ಎಂದಳು. "ರೇಡಿಯೋ ಕೇಳಿದ ಹಾಗಾಯಿತು."

ಹವೆ ಒಗ್ಗಿದೆ. ಊಟ ರುಚಿಯಾಗಿರುತ್ತದೆ. ಅಳಿಯ ಚಿನ್ನದಂಥವನು. ಕಾಗೆಗಳ ವಿಷಯ ಬರಲೇ ಇಲ್ಲ. ಅವಳು ಕೇಳಿದಳು, ಮುದುಕಿ ಉತ್ತರಿಸಿದಳು. ಪ್ರಶ್ನೆಗೊಂದು ಉತ್ತರ, ಅಭ್ಯಾಸ ಪಾಠದಲ್ಲಿ ಇರುವಂತೆ. ಐದು ತಿಂಗಳ ಮಾತಿನ ಬರ ಎಂದಿದ್ದಳಲ್ಲ ಮಗಳು? ಬರವೇನೋ ಇತ್ತು. ಆದರೆ ಇವಳು ಹೊತ್ತು ತಂದ ನೀರನ್ನು ಮುದುಕಿ ನಯವಾಗಿ ಪಕ್ಕಕ್ಕೆ ಇಡುತ್ತಿದ್ದಳು.

ಮಗಳು ಚಹಾ ತಂದಿಟ್ಟು, ತಾಯಿಯ ಹಿಂದೆ ನಿಂತು, ತನ್ನ ಕಣ್ಣನ್ನು ಬೆರಳಿನಿಂದ ತೋರಿಸಿ ಸನ್ನೆ ಮಾಡಿದಳು.

ಅವಳು ಮುದುಕಿಯನ್ನು ಕೇಳಿದಳು, ನಿಮ್ಮ ಕಣ್ಣುಗಳು ಹೇಗಿವೆ?

"ಸೂಜಿಗೆ ದಾರ ಪೋಣಿಸುತ್ತೇನೆ," ಎಂದಳು ಮುದುಕಿ ತಟಕ್ಕನೆ.

ಮಗಳು ನಕ್ಕಳು, ಆದರೆ ಮುಖ ಬಿಗಿದೇ ಇತ್ತು. ಮುದುಕಿ ಚಹಾದ ಕಪ್ಪಿಗೆ ಕೈ ಚಾಚಲಿಲ್ಲ. ಮೇಜಿನ ಅಂಚಿನಿಂದ ಬೆರಳು ತೆವಳಿಸಿಕೊಂಡು ಹೋಗಿ, ಸಾಸರು ತಾಗಿದ ಮೇಲೆ, ಅದನ್ನು ಹುಡುಕಲೇ ಇಲ್ಲವೆಂಬಂತೆ ಎತ್ತಿಕೊಂಡಳು. ಈ ಜಾಣತನವನ್ನು ಇವಳೊಬ್ಬಳೇ ಗಮನಿಸಿದಳು. ಗಮನಿಸುವುದರಲ್ಲಿ ಇವಳನ್ನು ಮೀರಿಸುವವರಿರಲಿಲ್ಲ.

ಆಗ ಮುದುಕಿ ತಾನಾಗಿಯೇ ಕೇಳಿದಳು:

"ನೀವೂ ಮೂರನೇ ಮಹಡಿಯವರಂತೆ. ಅಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ಪಾಪ, ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಒಳ್ಳೆಯ ಹುಡುಗಿ. ಅವಳಿಗೆ ಯಾರಿದ್ದಾರೆ? ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರಾ?"

ದನಿ ಬದಲಾಗಿತ್ತು. ಲಿಫ್ಟಿನ ದನಿ.

ಅವಳಿಗೆ ಕಿವಿ ಬಿಸಿಯಾಯಿತು. ನನ್ನ ಬಗ್ಗೆ ಹೀಗೆ ಯಾರೂ ಕೇಳಿಲ್ಲವಲ್ಲ ಎಂಬ ಒಂದು ಹುಚ್ಚು ಅಸೂಯೆ, ಆ ಮೂಗಿಯ ಮೇಲೆ, ಸುಳಿದುಹೋಯಿತು.

ಮಗಳು ಕನ್ನಡಕ್ಕೆ ತಿರುಗಿದಳು. "ಮೂರನೇ ಮಹಡಿಯಲ್ಲಿ ಮಾತು ಬರದವರು ಯಾರು ಅಕ್ಕಾ? ನಾನು ನೋಡಿಲ್ಲ. ಅಮ್ಮನಿಗೆ ಕನಸು ಬಿತ್ತಾ?"

ಇಬ್ಬರೂ ಅವಳತ್ತ ತಿರುಗಿದ್ದರು. ಒಬ್ಬಳಿಗೆ ಅವಳ ಮುಖ ಕಾಣುತ್ತಿತ್ತು, ಇನ್ನೊಬ್ಬಳಿಗೆ ಇಲ್ಲ. ನಾನೇ ಅವಳು ಎನ್ನಬೇಕಿತ್ತು. ರಷ್ಯನ್‌ನಲ್ಲಿ ಅದಕ್ಕೆ ಕ್ರಿಯಾಪದವೇ ಬೇಕಾಗಿರಲಿಲ್ಲ.

"ಅವಳು ಹೊರಟುಹೋದಳು," ಎಂದಳು ರಷ್ಯನ್‌ನಲ್ಲಿ. "ಮನೆ ಖಾಲಿ ಮಾಡಿಕೊಂಡು ಹೋದಳು. ಮೊನ್ನೆ."

ಎಳ್ಳಷ್ಟೂ ತಡವರಿಸಲಿಲ್ಲ. ಎರಡೂ ಕ್ರಿಯಾಪದಗಳು ಮುಗಿದ ಕ್ರಿಯೆಗೆ ಸೇರಿದವು. ಸರಿಯಾಗಿದ್ದವು. ಮ್ಯಾನೇಜರು ಇದ್ದಿದ್ದರೆ ಬರೆದುಕೊಳ್ಳುತ್ತಿದ್ದರು.

ಮುದುಕಿ ಕಪ್ಪನ್ನು ಕೆಳಗಿಟ್ಟಳು. ಅದು ಸಾಸರಿನ ಅಂಚಿಗೆ ಕೂತು ವಾಲಿತು.

"ಹೇಳದೇ ಹೋದಳಾ," ಎಂದಳು. ವಾಲಿದ ಕಪ್ಪನ್ನು ತಡವಿ ನೆಟ್ಟಗಿಟ್ಟು, "ಪಾಪ, ಹೇಗೆ ಹೇಳುತ್ತಾಳೆ ಅವಳು," ಎಂದಳು.

*

ಹೊರಡುವಾಗ ಮುದುಕಿ ಎದ್ದು ನಿಂತು ಕೈ ಚಾಚಿದಳು. ಅವಳು ಕೈ ಕೊಟ್ಟಳು. ಕೊಟ್ಟ ಮೇಲೆ ನೆನಪಾಯಿತು. ಬಟ್ಟೆ ಬದಲಾಗಿತ್ತು, ಕೀಲಿ ಮನೆಯಲ್ಲಿತ್ತು, ಕ್ರೀಮು ಹಚ್ಚಿರಲಿಲ್ಲ. ಕೈ ಮಾತ್ರ ಅದೇ. ಲಿಫ್ಟಿನಲ್ಲಿ ಇಳಿಯುವ ಮುಂಚೆ ದಿನವೂ ಮುದುಕಿ ಹಿಡಿದು ತಟ್ಟುತ್ತಿದ್ದ ಕೈ. ಸೀಮೆಸುಣ್ಣ ಹಿಡಿದೂ ಹಿಡಿದೂ ನಡುಬೆರಳಿನ ಪಕ್ಕ ಗಟ್ಟಿಯಾದ ಚರ್ಮ.

ಮುದುಕಿಯ ಹೆಬ್ಬೆರಳು ಆ ಜಾಗದ ಮೇಲೆ ಒಮ್ಮೆ ಹೋಯಿತು. ಹಿಂದಕ್ಕೆ ಬಂತು. ಅಲ್ಲೇ ನಿಂತಿತು. ಮಂಜಾದ ಬಲಗಣ್ಣು ಅವಳ ಮುಖವಿರಬೇಕಾದ ಕಡೆಗೆ ತಿರುಗಿತು.

ಮುದುಕಿ ದಿನದ ಹಾಗೆ ಕೈ ತಟ್ಟಲಿಲ್ಲ.

ಕೈ ಬಿಡಿಸಿಕೊಂಡು ಹೊರಗೆ ಬಂದಳು. ಲಿಫ್ಟು ಕೆಮ್ಮುತ್ತಾ ಬಂದು ನಿಂತಿತು. ಒಳಗೆ ಹೋಗಿ ತಿರುಗಿದಾಗ ಮಗಳು ಹಿಂದೆಯೇ ಬಂದಿದ್ದಳು. ಮುಚ್ಚಲು ಹೊರಟ ಬಾಗಿಲಿನ ಅಂಚಿಗೆ, ಥೇಟ್ ತಾಯಿಯ ಹಾಗೆ, ಅಂಗೈ ಇಟ್ಟಿದ್ದಳು.

"ಅಕ್ಕಾ, ನಿಜ ಹೇಳಿ. ನಿಮಗೆ ಏನು ಅನ್ನಿಸ್ತು? ಅಮ್ಮನ ಕಣ್ಣು ಸರಿ ಇದೆಯಾ? ನಾನು ಕಳಿಸಬಹುದಾ?"

ಹೌದು, ಇಲ್ಲ. ಎರಡು ಶಬ್ದ, ಒಂದಾದರೂ ಸಾಕಿತ್ತು. ಹೇಳಿದರೆ ಒಂದು ಕಣ್ಣು ಉಳಿದೀತು. ಹೇಳಿದರೆ ಕತ್ತಲಲ್ಲೂ ಎಲ್ಲ ಕೈಗೆ ಸಿಗುವ ಆ ಕೋಣೆ ಹೋದೀತು. ನಿಮಗೆ ಹೇಗೆ ಗೊತ್ತು ಎಂದು ಇವಳು ಕೇಳಿಯೇ ಕೇಳುತ್ತಾಳೆ. ಹೇಗೆ ಗೊತ್ತು ಎಂಬುದನ್ನು ಎಲ್ಲಿಂದ ಶುರುಮಾಡುವುದು, ಯಾವ ಕ್ರಿಯಾಪದದಿಂದ?

ಮಗಳ ಹಿಂದೆ, ಮನೆಯ ಹೊಸ್ತಿಲಲ್ಲಿ, ಮುದುಕಿ ಗೋಡೆ ಹಿಡಿದುಕೊಂಡು ಬಂದು ನಿಂತಿದ್ದಳು. ತಲೆ ಒಂದು ಕಡೆಗೆ ವಾಲಿಸಿದ್ದಳು. ಕೇಳಿಸಿಕೊಳ್ಳುತ್ತಿದ್ದಳು.

"ಅಕ್ಕಾ?"

ಅವಳ ತುಟಿ ಅಲುಗುತ್ತಿತ್ತು. ಕೈ ತಾನಾಗಿ ಮೇಲಕ್ಕೆ ಹೋಗಿ, ಎದೆಯ ಹತ್ತಿರ, ಮೂರು ಬೆರಳು ಬಿಡಿಸಿಕೊಂಡಿತ್ತು. ಮಗಳು ಅರ್ಥವಾಗದೆ ಆ ಬೆರಳುಗಳನ್ನು ನೋಡುತ್ತಿದ್ದಳು. ಬಾಗಿಲು ಬರುತ್ತಿತ್ತು, ಅಂಗೈಗೆ ತಾಗಿ ಹಿಂದೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು.